ಹುಟ್ಟಿದ ಊರಿನ ಕಾಲಂ

ನನ್ನ ಕುರ್ಚಿಯಲ್ಲಿ ಈಗ ಶಮೀಮಾ ಕೂತಿದ್ದಾಳೆ. ಆ ಕುರ್ಚಿ ಸ್ವಲ್ಪ ಬಲಕ್ಕೆ ವಾಲುತ್ತದೆ. ಸರಿಮಾಡಿಸಿಕೊಡಿ ಎಂದು ನಾನು ಬರೆದ ಅರ್ಜಿಗಳನ್ನು ಜೋಡಿಸಿದರೆ ಅದೇ ಒಂದು ಫೈಲಾದೀತು. ಬಹರೈನಿನ ಮನಾಮದ ಒಂದು ಖಾಸಗಿ ಆಸ್ಪತ್ರೆಯ ಸಿಬ್ಬಂದಿ ವಿಭಾಗದಲ್ಲಿ ನಾನು ಮೂವತ್ತೊಂದು ವರ್ಷ ಕೆಲಸ ಮಾಡಿದೆ. ವೈದ್ಯರು, ನರ್ಸುಗಳು, ಅಡುಗೆಯವರು, ಬಟ್ಟೆ ಒಗೆಯುವವರು, ಎಲ್ಲರ ವೀಸಾ, ವಾಸದ ಪರವಾನಗಿ, ರಜೆ, ಟಿಕೆಟ್ ನನ್ನ ಮೇಜನ್ನು ದಾಟಿಯೇ ಹೋಗಬೇಕಿತ್ತು. ಹೋದ ವರ್ಷ ನಿವೃತ್ತಳಾದೆ. ಈ ಕೆಲಸಕ್ಕೆ ಹೊಸದಾಗಿ ಬರುವ ಹುಡುಗಿಯರಿಗೆ ಉಪಯೋಗವಾಗುವಂತೆ ನಾಲ್ಕು ಮಾತು ಬರೆಯಿರಿ ಎಂದು ಹಲವರು ಹೇಳಿದರು. ಒಬ್ಬಳು ಮಾತ್ರ ಬರೆಯಲೇಬೇಕು ಎಂದಳು. ಅವಳ ವಿಷಯಕ್ಕೆ ಬರುತ್ತೇನೆ.

ನನಗೆ ಎಷ್ಟು ಬಡ್ತಿ ಸಿಕ್ಕಿತು, ಬೀಳ್ಕೊಡುಗೆಯ ದಿನ ಯಾವ ಫಲಕ ಕೊಟ್ಟರು ಎಂಬುದರಿಂದ ನಿಮಗೆ ಮೂರು ಕಾಸಿನ ಪ್ರಯೋಜನವಿಲ್ಲ. ಫಲಕ ಕಪಾಟಿನ ಮೇಲಿದೆ, ಧೂಳು ಒರೆಸಬೇಕು. ಕೆಲಸ ಹೇಗಿತ್ತು ಎಂದಷ್ಟೇ ಹೇಳುತ್ತೇನೆ.

ನಾನು ಸೇರಿದಾಗ ಎಲ್ಲವೂ ಕಾಗದ. ಒಂದು ಅರ್ಜಿಗೆ ಮೂರು ಪ್ರತಿ, ಎಂಟು ಫೋಟೋ. ಅರಬಿ ಟೈಪಿಂಗ್ ಅಂಗಡಿಯಲ್ಲಿ ಒಂದು ಸರದಿ, ಇಮಿಗ್ರೇಷನ್ ಕಿಟಕಿಯಲ್ಲಿ ಇನ್ನೊಂದು. ಕಿಟಕಿಯ ಹಿಂದಿನವರು ‘ಬುಕ್ರಾ’ ಎಂದರೆ ನಾಳೆ ಎಂದರ್ಥ ಎಂದು ಮೊದಲ ವಾರ ಕಲಿತೆ. ಆ ನಾಳೆ ಯಾವಾಗ ಬೇಕಾದರೂ ಬರಬಹುದು ಎಂದು ಎರಡನೆಯ ವಾರ ಕಲಿತೆ. ಮೊದಲು ವಾಸದ ಪರವಾನಗಿ ಪಾಸ್‌ಪೋರ್ಟಿನಲ್ಲಿ ಮುದ್ರೆಯಾಗಿ ಬೀಳುತ್ತಿತ್ತು, ಆಮೇಲೆ ಸ್ಟಿಕ್ಕರ್ ಆಯಿತು, ಈಗ ಎಲ್ಲ ಕಂಪ್ಯೂಟರಿನಲ್ಲೇ. ಹಿಂದೆ ಎಲ್ಲರ ಪಾಸ್‌ಪೋರ್ಟನ್ನೂ ನಾವೇ ಕಬ್ಬಿಣದ ಬೀರುವಿನಲ್ಲಿ ಇಟ್ಟುಕೊಳ್ಳುತ್ತಿದ್ದೆವು. ಅದು ತಪ್ಪು, ಈಗ ಆ ಪದ್ಧತಿ ಇಲ್ಲ. ಆ ಬೀರುವಿನ ಕೀಲಿ ಸೊಂಟದಲ್ಲಿದ್ದಾಗ ನನಗೆ ತುಸು ಗತ್ತು ಇತ್ತು ಎಂಬುದನ್ನೂ ಮುಚ್ಚಿಡುವುದಿಲ್ಲ.

ಅದಕ್ಕಿಂತ ದೊಡ್ಡ ಗತ್ತು ಇನ್ನೊಂದಿತ್ತು. ನಮ್ಮ ಕರಾವಳಿಯವರು ಯಾರೇ ಬಂದರೂ ಅವರನ್ನು ಏನೂ ಕೇಳದೆ ಅರ್ಜಿ ತುಂಬಿಸಬಲ್ಲೆ ಎನ್ನುವುದು. ಮುಖ ನೋಡಿ, ಮನೆತನದ ಹೆಸರು ಕೇಳಿದರೆ ಸಾಕು, ಊರು, ಅಂಚೆ, ತಾಲೂಕು ನನ್ನ ಪೆನ್ನಿನಿಂದ ತಾನಾಗಿ ಇಳಿಯುತ್ತಿತ್ತು. ‘ವಾರಿಜಕ್ಕನಿಗೆ ಹೇಳ್ಲಿಕ್ಕೇ ಬೇಡ, ಅವರಿಗೆ ಎಲ್ಲ ಗೊತ್ತುಂಟು’ ಎಂದು ಹುಡುಗಿಯರು ಹೇಳುವಾಗ ನಾನು ತಲೆ ತಗ್ಗಿಸಿ ಬರೆಯುತ್ತಿದ್ದರೂ ಕಿವಿ ಆ ಕಡೆಗೇ ಇರುತ್ತಿತ್ತು.

ನನ್ನ ಮೇಲಿನ ಅಧಿಕಾರಿ ಇಲ್ಲಿಯವರೇ. ಎಲ್ಲರೂ ಅವರನ್ನು ಬು ಖಾಲಿದ್ ಎಂದು, ಅಂದರೆ ಖಾಲಿದನ ಅಪ್ಪ ಎಂದು ಕರೆಯುತ್ತಿದ್ದರು. ನಾನು ಮಾತ್ರ ‘ಮುದೀರ್’ ಎನ್ನುತ್ತಿದ್ದೆ, ಸಾಹೇಬರು ಎನ್ನುವ ಹಾಗೆ. ಒಳ್ಳೆಯ ಹಿಂದಿ ಮಾತಾಡುತ್ತಿದ್ದರು. ಸಿಟ್ಟು ಬಂದರೆ ಹಿಂದಿ ಹೋಗಿ ಅರಬಿ ಬರುತ್ತಿತ್ತು. ಆಗ ನಾನು ಫೈಲು ಎತ್ತಿಕೊಂಡು ಹೊರಗೆ ನಡೆಯುತ್ತಿದ್ದೆ.

ಒಂದು ಈಸ್ಟರ್ ಹಬ್ಬಕ್ಕೆ ಮಕ್ಕಳ ವಾರ್ಡಿನ ಹೆಚ್ಚುಕಡಿಮೆ ಎಲ್ಲ ನರ್ಸುಗಳೂ ಒಂದೇ ದಿನ ರಜೆ ಕೇಳಿದರು. ಎಲ್ಲರೂ ನಮ್ಮ ಕಡೆಯವರು. ಆ ವಾರ್ಡನ್ನು ಹಾಗೆ ತುಂಬಿಸಿದ್ದು ಬೇರೆ ಯಾರೂ ಅಲ್ಲ, ನಾನೇ. ಒಬ್ಬಳ ತಂಗಿ, ಇನ್ನೊಬ್ಬಳ ನಾದಿನಿ, ಮತ್ತೊಬ್ಬಳ ಸಹಪಾಠಿ ಎಂದು ಬಂದ ಅರ್ಜಿಗಳನ್ನೆಲ್ಲ ಮೇಲಕ್ಕೆ ಇಟ್ಟಿದ್ದೆ. ಬೆರಳು ತೋರಿಸಿದರೆ ಹಸ್ತ ನುಂಗುವ ಜನ ನಾವು. ಅದೇ ವಾರ ಇನ್ನೊಂದು ಸಂಗತಿ ನಡೆಯಿತು. ಪಾಳಿ ಬದಲಾಗುವಾಗ ಹೇಳಬೇಕಾದ್ದನ್ನು ಇಬ್ಬರು ಕೊಂಕಣಿಯಲ್ಲಿ ಹೇಳಿಕೊಂಡರು. ಜೊತೆಗಿದ್ದ ಫಿಲಿಪ್ಪೀನ್ಸಿನ ನರ್ಸಿಗೆ ಅರ್ಥವಾಗಲಿಲ್ಲ. ಆಗಲೇ ಕೊಟ್ಟಿದ್ದ ಔಷಧವನ್ನು ಮಗುವಿಗೆ ಇನ್ನೊಮ್ಮೆ ಕೊಡುವುದರಲ್ಲಿದ್ದಳು. ಮಗುವಿನ ತಾಯಿ ನೋಡಿ ತಡೆದಳು.

ಮರುದಿನ ಬು ಖಾಲಿದ್ ಒಂದು ನಿಯಮ ಹಾಕಿದರು. ಯಾವ ವಾರ್ಡಿನಲ್ಲೂ ಒಂದೇ ದೇಶದವರು ಅರ್ಧಕ್ಕಿಂತ ಹೆಚ್ಚು ಇರಬಾರದು. ನಿಯಮ ಸರಿಯೆಂದೇ ನನಗೂ ತೋರಿತು. ನನ್ನ ಕೈಯಾರೆ ಮಾಡಿದ ಎಡವಟ್ಟು ಆದ್ದರಿಂದ ಬಾಯಿ ಮುಚ್ಚಿಕೊಂಡು ಟೈಪ್ ಮಾಡಿ ಗೋಡೆಗೆ ಹಚ್ಚಿದೆ.

ಅದೇ ನಿಯಮ ನಾಲ್ಕು ತಿಂಗಳಲ್ಲಿ ನನ್ನ ಕಾಲಿಗೇ ತೊಡರಿತು. ಬಂಟ್ವಾಳದ ಗ್ರೇಸಿ ಎಂಬವಳ ಅರ್ಜಿ ಬಂತು. ಆಪರೇಷನ್ ಥಿಯೇಟರಿನಲ್ಲಿ ಹನ್ನೆರಡು ವರ್ಷದ ಅನುಭವ. ನಮ್ಮ ಶಸ್ತ್ರಚಿಕಿತ್ಸಕರೇ ಅವಳನ್ನು ಮಾತಾಡಿಸಿ ಇವಳೇ ಬೇಕು ಎಂದಿದ್ದರು. ಥಿಯೇಟರಿನಲ್ಲಿ ಭಾರತದವರ ಅರ್ಧ ಆಗಲೇ ಭರ್ತಿಯಾಗಿತ್ತು. ಎರಡು ವರ್ಷ ಅನುಭವದ ಬೇರೆ ದೇಶದ ಹುಡುಗಿಯನ್ನು ತೆಗೆದುಕೊಂಡರು. ಗ್ರೇಸಿಗೆ ‘ವಿಷಾದಿಸುತ್ತೇವೆ’ ಎಂಬ ಪತ್ರ ಬರೆಯಬೇಕಾದವಳು ನಾನು. ಬರೆಯದೆ ಬು ಖಾಲಿದ್ ಕೋಣೆಗೆ ಹೋದೆ.

ಅವರು ಖುಬ್ಬೂಸ್ ರೊಟ್ಟಿಯ ಅಂಗಡಿಯ ಮಾತು ತೆಗೆದರು. “ಬೆಳಿಗ್ಗೆ ಸರದಿಯಲ್ಲಿ ದೊಡ್ಡ ಮನೆಯವನು ಮೊದಲು ಬಂದು ಇಡೀ ಬುಟ್ಟಿ ಎತ್ತಿಕೊಂಡು ಹೋದರೆ, ಹಿಂದೆ ನಿಂತ ಸಣ್ಣ ಮನೆಯವನು ಏನು ತಿನ್ನಬೇಕು, ವಾರಿಜಾ?”

“ದೊಡ್ಡ ಮನೆಯಲ್ಲಿ ಹೊಟ್ಟೆಗಳೂ ಹೆಚ್ಚಲ್ಲವಾ ಮುದೀರ್?” ಎಂದೆ. “ಇಬ್ಬರಿರುವ ಮನೆಗೂ ಇಪ್ಪತ್ತು ಜನರ ಮನೆಗೂ ಒಂದೇ ಲೆಕ್ಕದಲ್ಲಿ ರೊಟ್ಟಿ ಕೊಟ್ಟರೆ ಅದು ನ್ಯಾಯವಾ?”

ಅವರು ನಕ್ಕರು. ಆಮೇಲೆ ಗಂಭೀರರಾಗಿ, “ನೀನು ಬಾಗಿಲಲ್ಲಿ ನಿಂತವಳನ್ನು ನೋಡುತ್ತೀ. ನಾನು ಒಳಗೆ ಮಲಗಿದ ರೋಗಿಯನ್ನು ನೋಡಬೇಕು. ನಿಯಮ ತಪ್ಪೆಂದು ಕಂಡ ದಿನ ನಾನೇ ಹರಿದು ಹಾಕುತ್ತೇನೆ” ಎಂದರು. ಆರು ತಿಂಗಳ ಮೇಲೆ ಥಿಯೇಟರಿಗಷ್ಟೇ ಆ ನಿಯಮವನ್ನು ಸಡಿಲಿಸಿದರು. ಗ್ರೇಸಿಗೆ ಫೋನು ಮಾಡಿದೆ. ಅವಳು ಆಗಲೇ ಬೇರೆ ದೇಶ ಸೇರಿದ್ದಳು. ಆ ವಾದದಲ್ಲಿ ಗೆದ್ದವರು ಯಾರು ಎಂದು ಈಗ ಕೇಳಿದರೂ ನನಗೆ ಹೇಳಲಾಗದು.

ಇನ್ನು ಅಕ್ಕತಂಗಿಯರ ವಿಷಯ. ಅಕ್ಕ ಪ್ರಮೀಳಾ, ತಂಗಿ ಜೆನಿಟಾ. ಇಬ್ಬರೂ ನಮ್ಮಲ್ಲಿ ನರ್ಸುಗಳು. ಅಪ್ಪ ಇಲ್ಲಿಯ ಅಸ್ಕರ್ ಎಂಬ ಊರಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು, ಅಮ್ಮ ಹೆಲೆನ್ ಬಾಯಿ ಮನೆಯಲ್ಲಿ. ಅವರ ಮನೆಮಾತು ಕೊಂಕಣಿ, ನನ್ನದು ತುಳು, ನಮ್ಮ ನಡುವೆ ಕನ್ನಡ. ಪ್ರಮೀಳಾ ಹುಟ್ಟಿದ್ದು ಮಂಗಳೂರಿನಲ್ಲಿ. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕೆಂದು ಹೆಲೆನ್ ಬಾಯಿ ಏಳು ತಿಂಗಳಿಗೆ ವಿಮಾನ ಹತ್ತಿದ್ದರು. ಮೂರು ವರ್ಷದ ಮೇಲೆ ಜೆನಿಟಾ ಹೊಟ್ಟೆಯಲ್ಲಿದ್ದಾಗ ತವರಿನಲ್ಲಿ ಅವರ ಅಮ್ಮ ತೀರಿಹೋಗಿದ್ದರು, ಆರೈಕೆಗೆ ಯಾರೂ ಇರಲಿಲ್ಲ. ಹಾಗಾಗಿ ಜೆನಿಟಾ ಹುಟ್ಟಿದ್ದು ಮನಾಮದಲ್ಲಿ.

ಮನಾಮದಲ್ಲಿ ಹುಟ್ಟಿದಳೆಂದು ಬಹರೈನ್ ಅವಳಿಗೇನೂ ಹೆಚ್ಚು ಕೊಡಲಿಲ್ಲ. ನರ್ಸಿಂಗ್ ಓದಲು ಮಂಗಳೂರಿಗೆ ಹೋಗಿ ಬಹಳ ಕಾಲ ಹೊರಗಿದ್ದುದರಿಂದ ಅವಳ ವಾಸದ ಪರವಾನಗಿ ರದ್ದಾಯಿತು. ನಮ್ಮ ಆಸ್ಪತ್ರೆಗೆ ಸೇರಿದಾಗ ಹೊಸ ಪರದೇಶಿಯಂತೆ ರಕ್ತಪರೀಕ್ಷೆ, ಎಕ್ಸ್-ರೇ, ಬೆರಳಚ್ಚು ಎಲ್ಲವನ್ನೂ ಮೊದಲಿಂದ ಮಾಡಿಸಿದೆ. “ನಾನು ಇಲ್ಲಿಯೇ ಹುಟ್ಟಿದ್ದು ಮಾರಾಯ್ರೆ, ನನಗೇ ವೆಲ್‌ಕಮ್ ಅಂತಾರಲ್ಲ ಇವರು!” ಎಂದು ಜೆನಿಟಾ ನಗುತ್ತಿದ್ದಳು.

ಕೆಲಸದಲ್ಲಿ ಅಕ್ಕನದೇ ಮೇಲುಗೈ. ಎಷ್ಟು ಸಣ್ಣ ಮಗುವಾದರೂ ಪ್ರಮೀಳಾ ಸೂಜಿ ಚುಚ್ಚಲು ಒಂದೇ ಸಲಕ್ಕೆ ನರ ಹಿಡಿಯುತ್ತಿದ್ದಳು. ತಂಗಿಗೆ ಅದನ್ನು ಕಲಿಸಿದವಳೂ ಅವಳೇ.

ಸುಮಾರು ಹನ್ನೆರಡು ವರ್ಷದ ಹಿಂದೆ ಅಮೆರಿಕದ ಒಂದು ಆಸ್ಪತ್ರೆಯವರು ಇಲ್ಲಿಯ ಹೋಟೆಲಿನಲ್ಲಿ ನರ್ಸುಗಳ ಸಂದರ್ಶನ ಮಾಡಿದರು. ಅಕ್ಕತಂಗಿ ಇಬ್ಬರೂ ಆಯ್ಕೆಯಾದರು. ಅಲ್ಲಿಗೆ ಹೋದರೆ ಕಾಯಂ ವಾಸದ ಪತ್ರ. ಇಲ್ಲಿ ಎಷ್ಟು ವರ್ಷ ದುಡಿದರೂ ಕೆಲಸ ಮುಗಿದ ದಿನ ಪರವಾನಗಿಯೂ ಮುಗಿಯುತ್ತದೆ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಪ್ರಮೀಳಾಳಿಗೆ ಆಗಲೇ ಮದುವೆಯಾಗಿ ಏಳು ವರ್ಷದ ಮಗಳಿದ್ದಳು, ಅನಿಶಾ. “ನನಗೆ ಅಮೆರಿಕದ ಮರುಳೆಂತ ಇಲ್ಲ ವಾರಿಜಕ್ಕ. ಇವಳು ಒಂದು ಕಡೆ ಬೇರು ಬಿಡ್ಲಿ ಅಂತ ಅಷ್ಟೇ” ಎಂದಿದ್ದಳು.

ಅಲ್ಲಿಯ ವಕೀಲರಿಗೆ ಕಳಿಸಬೇಕಾದ ವಿವರದ ಹಾಳೆಗಳನ್ನು ನಾನೇ ತುಂಬಿಸಿಕೊಟ್ಟೆ. ಅದು ನನ್ನ ಕೆಲಸವಲ್ಲ, ಉಪಕಾರ. ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಕೂತು, ಎದುರಿಗಿದ್ದ ಸಮೋಸ ಆರುವ ಮೊದಲೇ ಎರಡು ಹಾಳೆ ಮುಗಿಸಿದೆ. ಗಂಡನ ಹೆಸರು: ಐವನ್. ಗಂಡ ಹುಟ್ಟಿದ ಊರು, ದೇಶ. ಐವನ್‌ನ ಮನೆ ನಮ್ಮ ಉಡುಪಿ ಕಡೆಯ ಶಂಕರಪುರ. ಅವನ ತಾಯಿ ಜಗಲಿಯಲ್ಲಿ ಕೂತು ಮಲ್ಲಿಗೆ ಕಟ್ಟುತ್ತಿದ್ದುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅವನು ಮನೆಯ ಹಿರಿಮಗ. ಹಿರಿಮಗ ಎಂದರೆ ಅಮ್ಮನ ತವರಿನಲ್ಲೇ ಹುಟ್ಟಿರಬೇಕು, ಅದು ಮಂಗಳೂರು. ಕೇಳುವುದೇನು? ‘ಮಂಗಳೂರು, ಭಾರತ’ ಎಂದು ಬರೆದೆ. ಪ್ರಮೀಳಾಳಿಗೆ ಡ್ಯೂಟಿಗೆ ಹೊತ್ತಾಗಿತ್ತು, ಓದದೆ ಸಹಿ ಹಾಕಿದಳು. ವಾರಿಜಕ್ಕ ಬರೆದದ್ದನ್ನು ಓದಿ ನೋಡುವ ಪದ್ಧತಿ ಯಾರಿಗೂ ಇರಲಿಲ್ಲ.

ಎರಡು ವರ್ಷ ಕಳೆಯಿತು. ಜೆನಿಟಾಳಿಗೆ ಕರೆ ಬಂತು, ಪ್ರಮೀಳಾಳಿಗೆ ಬರಲಿಲ್ಲ. ಒಂದೇ ದಿನ, ಒಂದೇ ಪರೀಕ್ಷೆ, ಒಂದೇ ಆಸ್ಪತ್ರೆ. ಏನೋ ಕಾಗದ ಕಳೆದುಹೋಗಿದೆ ಎಂದೇ ಮೊದಲು ಅಂದುಕೊಂಡೆವು. ಕೇಳಿದಾಗ ಅಲ್ಲಿಯ ಲೆಕ್ಕ ತಿಳಿಯಿತು. ವರ್ಷಕ್ಕೆ ಇಷ್ಟು ಕಾಯಂ ವಾಸದ ಪತ್ರ ಎಂದು ಇರುತ್ತದೆ. ಅದರಲ್ಲಿ ಯಾವ ದೇಶದವರಿಗೂ ಒಂದು ಮಿತಿಗಿಂತ ಹೆಚ್ಚಿಲ್ಲ, ದೊಡ್ಡ ದೇಶಕ್ಕೂ ಸಣ್ಣ ದೇಶಕ್ಕೂ ಮಿತಿ ಒಂದೇ. ಭಾರತದವರ ಸರದಿ ಬಹಳ ಉದ್ದ, ಉಳಿದ ಹೆಚ್ಚಿನ ದೇಶಗಳದು ಚಿಕ್ಕದು. ಯಾರು ಯಾವ ಸರದಿಯಲ್ಲಿ ನಿಲ್ಲಬೇಕು ಎನ್ನುವುದಕ್ಕೆ ಪಾಸ್‌ಪೋರ್ಟು ಯಾವ ದೇಶದ್ದು ಎಂದು ನೋಡುವುದಿಲ್ಲ, ಹುಟ್ಟಿದ್ದು ಯಾವ ದೇಶದಲ್ಲಿ ಎಂದು ನೋಡುತ್ತಾರೆ. ಅಕ್ಕ ಭಾರತದ ಸರದಿಯಲ್ಲಿ, ತಂಗಿ ಬಹರೈನಿನ ಲೆಕ್ಕದಲ್ಲಿ. ತನ್ನವಳೆಂದು ಬಹರೈನ್ ಒಂದು ದಿನವೂ ಒಪ್ಪಿಕೊಳ್ಳದ ಜೆನಿಟಾ, ಬಹರೈನಿನ ಪಾಲಿನಲ್ಲಿ ಅಮೆರಿಕಕ್ಕೆ ಹೋದಳು.

ಅವಳು ಹೊರಡುವ ವಾರ ಅವರ ಮನೆಗೆ ಹೋಗಿದ್ದೆ. ಹೆಲೆನ್ ಬಾಯಿ ಹಣೆ ಚಚ್ಚಿಕೊಂಡರು. “ಏಳು ತಿಂಗಳ ಬಸುರಿ, ವಿಮಾನದಲ್ಲಿ ವಾಂತಿ ಮಾಡ್ಕೊಂಡು ಮಾಡ್ಕೊಂಡು ಹೋದೆ ವಾರಿಜಾ. ಇದಕ್ಕಾ? ಇಲ್ಲಿಯೇ ಹೆತ್ತಿದ್ರೆ ಆಗ್ತಿರ್ಲಿಲ್ವಾ?”

“ಅಮ್ಮಾ, ಸಾಕು” ಎಂದಳು ಪ್ರಮೀಳಾ, ತಂಗಿಯ ಪೆಟ್ಟಿಗೆಯನ್ನು ತೂಕದ ಯಂತ್ರದ ಮೇಲಿಡುತ್ತಾ. ಅವಳ ಮುಖದಲ್ಲಿ ಹೊಟ್ಟೆಕಿಚ್ಚು ಕಾಣಲಿಲ್ಲ. ಕಂಡಿದ್ದರೂ ನಾನು ತಪ್ಪೆನ್ನುತ್ತಿರಲಿಲ್ಲ.

ಅಲ್ಲಿಂದ ಶುರುವಾಯಿತು ಕಾಯುವುದು. ಯಾವ ದೇಶದ ಸರದಿ ಯಾವ ತಾರೀಖಿನ ಅರ್ಜಿಯವರೆಗೆ ಬಂತು ಎಂದು ಅಮೆರಿಕದವರು ಪ್ರತಿ ತಿಂಗಳೂ ಒಂದು ಪಟ್ಟಿ ಹಾಕುತ್ತಾರೆ. ಪ್ರಮೀಳಾ ಅದನ್ನು ನೋಡಿ ನನ್ನ ಕೋಣೆಯ ಬಾಗಿಲಲ್ಲಿ ನಿಂತು ಹೇಳಿ ಹೋಗುತ್ತಿದ್ದಳು. “ಈ ಸಲ ಒಂದು ವಾರ ಮುಂದೆ ಬಂತು.” “ಈ ಸಲ ಅಲ್ಲೇ ಉಂಟು.” ಒಮ್ಮೊಮ್ಮೆ ಪಟ್ಟಿ ಹಿಂದಕ್ಕೂ ಹೋಗುತ್ತಿತ್ತು. ಅತ್ತ ಅನಿಶಾ ಬೆಳೆಯುತ್ತಿದ್ದಳು. ಮಗಳಿಗೆ ಇಪ್ಪತ್ತೊಂದು ದಾಟಿದರೆ ತಾಯಿಯ ಅರ್ಜಿಯಲ್ಲಿ ಅವಳು ಸೇರುವುದಿಲ್ಲ. ಪಟ್ಟಿ ಮುಂದೋ ಮಗಳ ವಯಸ್ಸು ಮುಂದೋ ಎಂಬ ಪಂದ್ಯವನ್ನು ಆ ತಾಯಿ ವರ್ಷಗಟ್ಟಲೆ ನೋಡಿದಳು. ಅನಿಶಾಳ ಹುಟ್ಟುಹಬ್ಬಕ್ಕೆ ಕೇಕ್ ತಂದು ಹಂಚುವಾಗಲೂ ಅವಳ ಮುಖ ಬಾಡಿರುತ್ತಿತ್ತು.

ಒಮ್ಮೆ, “ಬೇರೆ ದಾರಿ ಏನಾದ್ರೂ ಉಂಟಾ ಅಂತ ನೀವೇ ಒಂದು ಮೇಲ್ ಹಾಕಿ ಕೇಳಿ ವಾರಿಜಕ್ಕ, ನನ್ನ ಇಂಗ್ಲಿಷ್ ಅವರಿಗೆ ಎಲ್ಲಿ ಅರ್ಥ ಆಗ್ತದೆ” ಎಂದಳು. ಬರೆದೆ. ವಕೀಲರ ಕಚೇರಿಯಿಂದ ಎರಡು ಸಾಲಿನ ಉತ್ತರ ಬಂತು. ಗಂಡ ಹೆಂಡತಿ ಇಬ್ಬರೂ ಹುಟ್ಟಿದ್ದು ಭಾರತದಲ್ಲಿ ಎಂದು ಕಡತದಲ್ಲಿದೆ, ಆದ್ದರಿಂದ ಕಾಯುವುದೊಂದೇ ದಾರಿ. ‘ಇಬ್ಬರೂ’ ಎಂಬ ಮಾತನ್ನು ನಾನು ಓದಿದೆ, ಅದು ಅಲ್ಲಿ ಯಾಕಿದೆ ಎಂದು ಯೋಚಿಸಲಿಲ್ಲ. ಕಾಯಬೇಕಂತೆ ಎಂದಷ್ಟೇ ಅವಳಿಗೆ ಹೇಳಿದೆ.

ಗಂಡ ಹೆಂಡತಿಯಲ್ಲಿ ಒಬ್ಬರು ಬೇರೆ ದೇಶದಲ್ಲಿ ಹುಟ್ಟಿದ್ದರೆ, ಜೊತೆಯಾಗಿ ಹೋಗುವಾಗ ಇನ್ನೊಬ್ಬರೂ ಆ ದೇಶದ ಸರದಿಗೆ ಸೇರಬಹುದು ಎಂಬ ನಿಯಮ ಆಗ ನನಗೆ ಗೊತ್ತಿರಲಿಲ್ಲ. ಆಮೇಲೆ ಗೊತ್ತಾಯಿತು, ಅದೂ ಮದುವೆ ದಲ್ಲಾಳಿತನದಿಂದ. ನಮ್ಮ ಕನ್ನಡದವರ ಕೂಟದಲ್ಲಿ ಒಬ್ಬ ತಾಯಿ ನನ್ನನ್ನು ಮೂಲೆಗೆ ಕರೆದು, “ನಮ್ಮ ಹುಡುಗಿ ಅಮೆರಿಕದಲ್ಲಿದ್ದಾಳೆ. ಗಲ್ಫಿನಲ್ಲಿ ಹುಟ್ಟಿದ ಹುಡುಗ ಇದ್ರೆ ಹೇಳಿ. ಜಾತಕ ಆಮೇಲೆ ನೋಡಿದ್ರಾಯ್ತು” ಎಂದರು. ಹಿಂದೆ ಯಾವ ನಕ್ಷತ್ರದಲ್ಲಿ ಹುಟ್ಟಿದ್ದು ಎಂದು ಕೇಳುತ್ತಿದ್ದವರು ಈಗ ಯಾವ ಆಸ್ಪತ್ರೆಯಲ್ಲಿ ಹುಟ್ಟಿದ್ದು ಎಂದು ಕೇಳತೊಡಗಿದ್ದರು. ನನಗೆ ನಗುವೋ ನಗು. ಮನೆಗೆ ಬಂದು ನಮ್ಮವರಿಗೂ ಹೇಳಿ ನಗಿಸಿದೆ. ಆಮೇಲೆ ಕೇಳಿದವರಿಗೆಲ್ಲ ಆ ನಿಯಮವನ್ನು ನಾನೇ ವಿವರಿಸುತ್ತಿದ್ದೆ, ಪಂಡಿತೆಯ ಹಾಗೆ. ಪ್ರಮೀಳಾಳ ಹಾಳೆಯ ಪ್ರತಿ ಆಗಲೂ ನನ್ನ ಕಪಾಟಿನಲ್ಲೇ ಇತ್ತು.

ನಿವೃತ್ತಿಗೆ ಎರಡು ತಿಂಗಳಿರುವಾಗ ಶಮೀಮಾ ಬಂದಳು. ಉಳ್ಳಾಲದ ಬ್ಯಾರಿ ಹುಡುಗಿ. ಅವಳಿಗೆ ಕೆಲಸ ಕಲಿಸುವುದೆಂದರೆ ನನಗೆ ತಾಳ್ಮೆಯ ಪರೀಕ್ಷೆ. ನಾನು ಹತ್ತು ಅರ್ಜಿ ಮುಗಿಸುವಷ್ಟರಲ್ಲಿ ಅವಳದು ಮೂರು. ಪಾಸ್‌ಪೋರ್ಟನ್ನು ಮುಂದಿಟ್ಟುಕೊಂಡು ಬೆರಳಿಟ್ಟು ಒಂದೊಂದೇ ಅಕ್ಷರ ನೋಡಿ ಟೈಪ್ ಮಾಡುತ್ತಿದ್ದಳು. ಅದೂ ಸಾಲದೆ ಎದುರಿದ್ದವರನ್ನು, “ನೀವು ಹುಟ್ಟಿದ್ದು ಎಲ್ಲಿ?” ಎಂದು ಕೇಳುತ್ತಿದ್ದಳು.

“ಪಾಸ್‌ಪೋರ್ಟಿನಲ್ಲಿ ಉಂಟಲ್ಲ ಮಾರಾಯ್ತಿ, ಕೇಳುವುದೆಂತಕ್ಕೆ? ನಿನ್ನ ಈ ವೇಗಕ್ಕೆ ರೋಗಿಗಳೇ ವಾಸಿಯಾಗಿ ಮನೆಗೆ ಹೋಗ್ತಾರೆ” ಎಂದು ನಾನು ಚುಚ್ಚುತ್ತಿದ್ದೆ. ಅವಳು ನಕ್ಕು ಮತ್ತೆ ಕೇಳುತ್ತಿದ್ದಳು.

ಸಿಬ್ಬಂದಿಯ ಕುಟುಂಬದವರ ಆರೋಗ್ಯ ವಿಮೆ ನವೀಕರಿಸುವ ಕೆಲಸ ಬಂತು. ಹೊಸ ಕಂಪ್ಯೂಟರ್ ವ್ಯವಸ್ಥೆಗೆ ಪ್ರತಿಯೊಬ್ಬರ ಪಾಸ್‌ಪೋರ್ಟ್ ಪ್ರತಿ ಬೇಕಿತ್ತು. ಪ್ರಮೀಳಾಳ ಕುಟುಂಬದ ಕಾಗದಗಳನ್ನು ಶಮೀಮಾಳಿಗೆ ಕೊಟ್ಟೆ, ಜೊತೆಗೆ ನನ್ನ ಹಳೆಯ ಹಾಳೆಯನ್ನೂ. ನೋಡಿಕೊಂಡು ಬೇಗ ಮಾಡು ಎಂದೆ. ಸ್ವಲ್ಪ ಹೊತ್ತಿನಲ್ಲಿ ಅವಳು ಕತ್ತೆತ್ತಿದಳು.

“ವಾರಿಜಕ್ಕ, ಐವನ್ ಸರ್‌ದು ಪಾಸ್‌ಪೋರ್ಟಿನಲ್ಲಿ ಹುಟ್ಟಿದ್ದು ಕುವೈತ್ ಅಂತ ಉಂಟು. ನಿಮ್ಮ ಶೀಟಿನಲ್ಲಿ ಮಂಗಳೂರು ಅಂತ ಉಂಟು. ಯಾವುದು ಹಾಕ್ಲಿ?”

ನಾನು ಎದ್ದು ಹೋಗಿ ನೋಡಿದೆ. ಕನ್ನಡಕ ಒರೆಸಿ ಮತ್ತೊಮ್ಮೆ ನೋಡಿದೆ. ಪಾಸ್‌ಪೋರ್ಟಿನಲ್ಲಿ ಕುವೈತ್. ಹಾಳೆಯಲ್ಲಿ ನನ್ನದೇ ದುಂಡಗಿನ ಅಕ್ಷರದಲ್ಲಿ ಮಂಗಳೂರು, ಭಾರತ. ಅವಳ ಪಕ್ಕದ ಸ್ಟೂಲಿನ ಮೇಲೆ ಕೂತೆ. ಗಂಡ ಹುಟ್ಟಿದ ಕುವೈತಿನ ಸರದಿಯಲ್ಲಿ ಪ್ರಮೀಳಾ ಒಂಬತ್ತು ವರ್ಷದ ಹಿಂದೆ ತಂಗಿಯ ಜೊತೆಗೇ ಹೋಗಬಹುದಿತ್ತು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ, ನಾನು ಹಿತ್ತಲ ಕಡೆ ಕಣ್ಣೇ ಹಾಯಿಸಿರಲಿಲ್ಲ.

“ಎಂತಾಯ್ತು ಅಕ್ಕ? ನೀರು ತರ್ಲಾ?” ಎಂದಳು ಶಮೀಮಾ.

“ಕುವೈತ್ ಅಂತಲೇ ಹಾಕು” ಎಂದೆ.

ಯಾರಿಗೂ ಹೇಳದೆ ವಕೀಲರಿಗೆ ಮಾತ್ರ ಬರೆದು ಸರಿಪಡಿಸಿಬಿಡೋಣವೇ ಎಂದು ಅರ್ಧ ದಿನ ಯೋಚಿಸಿದೆ, ಸುಳ್ಳು ಹೇಳುವುದಿಲ್ಲ. ಪ್ರಮೀಳಾಳಿಗೆ ಏಕಾಏಕಿ ಕರೆ ಬರುತ್ತದೆ, ಅವಳು ದೇವರ ದಯೆ ಎಂದುಕೊಳ್ಳುತ್ತಾಳೆ, ನನ್ನ ಮರ್ಯಾದೆಯೂ ಉಳಿಯುತ್ತದೆ. ಸಂಜೆ ಐದಕ್ಕೆ ಎರಡೂ ಕಾಗದ ಚೀಲದಲ್ಲಿ ಹಾಕಿಕೊಂಡು ಟ್ಯಾಕ್ಸಿ ಹಿಡಿದು ಬುದಯ್ಯಕ್ಕೆ ಹೋದೆ. ಅಲ್ಲಿ ತೋಟಗಳ ಪಕ್ಕದ ಒಂದು ಕಾಂಪೌಂಡಿನಲ್ಲಿ ಅವರ ಬಾಡಿಗೆ ಮನೆ. ಪ್ರಮೀಳಾ ಆಗಷ್ಟೇ ಡ್ಯೂಟಿ ಮುಗಿಸಿ ಬಂದಿದ್ದಳು, ಐವನ್ ಮನೆಯಲ್ಲಿದ್ದ. ಅನಿಶಾ ಟ್ಯೂಷನ್ನಿಗೆ ಹೋಗಿದ್ದಳು, ಅವಳಿಗಾಗ ಹದಿನೆಂಟು.

ಕಾಗದಗಳನ್ನು ಮೇಜಿನ ಮೇಲಿಟ್ಟು ಎಲ್ಲ ಹೇಳಿದೆ. ಹೇಳುವಾಗ ಅಳಬಾರದು ಎಂದುಕೊಂಡಿದ್ದೆ, ಅಳಲಿಲ್ಲ. ಪ್ರಮೀಳಾ ಹಾಳೆಯನ್ನು ಓದಿದಳು, ಹನ್ನೊಂದು ವರ್ಷ ತಡವಾಗಿ.

“ಜೆನಿಟಾ ಹೋಗುವಾಗಲೇ ನಾವೂ ಹೋಗ್ಬಹುದಿತ್ತಾ?”

“ಹೌದು.”

“ಆ ಮೇಲ್‌ನಲ್ಲಿ ಇಬ್ಬರೂ ಇಂಡಿಯಾದಲ್ಲಿ ಹುಟ್ಟಿದ್ದು ಅಂತ ಇತ್ತಾ?”

“ಇತ್ತು.”

ಅವಳು ಎದ್ದು ಅಡುಗೆಮನೆಗೆ ಹೋದಳು. ಪಾತ್ರೆ ತೊಳೆಯುವ ಸದ್ದು ಬಹಳ ಹೊತ್ತು ಕೇಳಿಸಿತು. ಅದರ ಬದಲು ಅವಳು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಐವನ್ ತನ್ನ ಪಾಸ್‌ಪೋರ್ಟ್ ಪ್ರತಿಯನ್ನು ಹತ್ತಿರಕ್ಕೆ ಎಳೆದುಕೊಂಡ. ಆಮೇಲೆ ಹೇಳಿದ, “ನಿಮಗೆ ಗೊತ್ತಿರ್ಲಿಕ್ಕಿಲ್ಲ ಅಕ್ಕ. ಅಪ್ಪ ಅಮ್ಮನದ್ದು ಮನೆಯವರಿಗೆ ಇಷ್ಟ ಇಲ್ಲದ ಮದುವೆ. ಅಪ್ಪ ಆಗ ಕುವೈತಿನಲ್ಲಿ ಅಡುಗೆ ಕೆಲಸಕ್ಕಿದ್ರು. ಹೆರಿಗೆಗೆ ಬರ್ತೇನೆ ಅಂತ ಅಮ್ಮ ತವರಿಗೆ ಕಾಗದ ಬರೆದ್ರಂತೆ. ಬರ್ಬೇಡ ಅಂತ ಉತ್ತರ ಬಂತಂತೆ. ಅಲ್ಲಿಯೇ ಹೆತ್ತರು, ನೀರು ಕಾಯಿಸಿ ಕೊಡ್ಲಿಕ್ಕೂ ಜನ ಇರ್ಲಿಲ್ಲ. ಸಾಯುವ ತನಕ ಅಮ್ಮ ಅದನ್ನು ಹೊರಗೆ ಯಾರ ಹತ್ರವೂ ಹೇಳ್ಲಿಲ್ಲ, ನಾಚಿಕೆ ಅವರಿಗೆ. ನಾವೂ ಹೇಳ್ತಿರ್ಲಿಲ್ಲ.”

ತವರು ಬಾಗಿಲು ಮುಚ್ಚಿದ್ದರಿಂದ ಆ ತಾಯಿ ಪಟ್ಟ ಸಂಕಟ ಇಷ್ಟು ವರ್ಷದ ಮೇಲೆ ಸೊಸೆಗೂ ಮೊಮ್ಮಗಳಿಗೂ ದಾರಿಯಾಗಬೇಕಿತ್ತು. ಆ ದಾರಿಗೆ ಅಡ್ಡ ನಿಂತವಳು ನಾನು. ಹಿರಿಮಗನಾದ್ದರಿಂದ ತವರಿನಲ್ಲೇ ಹುಟ್ಟಿರಬೇಕು ಎಂದು ನಿರ್ಧರಿಸಿದ್ದೆನಲ್ಲ, ತವರೇ ಇಲ್ಲದ ಹೆಣ್ಣುಮಕ್ಕಳೂ ಇರುತ್ತಾರೆ ಎಂಬುದು ನನ್ನ ಪೆನ್ನಿಗೆ ಹೊಳೆದಿರಲಿಲ್ಲ.

ಮುಂದಿನದು ಕಾಗದದ ಕೆಲಸ. ಶಂಕರಪುರದಲ್ಲಿ ಐವನ್‌ನ ತಮ್ಮ ತಾಯಿಯ ಟ್ರಂಕು ತೆರೆದಾಗ, ಪ್ಲಾಸ್ಟಿಕ್ ಚೀಲದಲ್ಲಿ ನಾಲ್ಕು ಮಡಿಕೆಯಾಗಿ ಅರಬಿಯ ಜನನ ಪತ್ರ ಸಿಕ್ಕಿತು. ನಾಚಿಕೆಯಿದ್ದರೂ ಆ ತಾಯಿ ಅದನ್ನು ಎಸೆದಿರಲಿಲ್ಲ. ಅನುವಾದ ಮಾಡಿಸಿ, ಮುದ್ರೆ ಹಾಕಿಸಿ, ತಪ್ಪು ನನ್ನದೆಂದು ನಾನೇ ಸಹಿ ಮಾಡಿದ ಪತ್ರವನ್ನೂ ಜೊತೆಗಿಟ್ಟು ಕಳಿಸಿದೆ. ಅಲ್ಲಿಯ ಆಸ್ಪತ್ರೆ ಹಳೆಯ ಅರ್ಜಿಯನ್ನು ಕೈಬಿಡದೆ ಇಟ್ಟುಕೊಂಡಿದ್ದುದು ಪುಣ್ಯ. ಎಂಟು ತಿಂಗಳಲ್ಲಿ ಮೂವರಿಗೂ ಸಂದರ್ಶನದ ದಿನ ಬಂತು, ವೀಸಾ ಆಯಿತು. ಅಷ್ಟರಲ್ಲಿ ನಾನು ನಿವೃತ್ತಳಾಗಿದ್ದೆ. ಆ ಎಂಟು ತಿಂಗಳೂ ಪ್ರಮೀಳಾ ನನ್ನೊಡನೆ ಕಾಗದದ ಮಾತು ಬಿಟ್ಟು ಬೇರೆ ಆಡಲಿಲ್ಲ. ನನ್ನ ಬೀಳ್ಕೊಡುಗೆಯ ದಿನ ಹಿಂದಿನ ಸಾಲಿನಲ್ಲಿ ನಿಂತು ಕೈ ತಟ್ಟಿ ಹೋದಳು.

ನಿವೃತ್ತಿಯ ಮೇಲೆ ಒಮ್ಮೆ ಬು ಖಾಲಿದ್ ಅವರನ್ನು ನೋಡಲು ಹೋಗಿದ್ದೆ. ಅವರೂ ಕೆಲಸ ಬಿಟ್ಟು ಮನೆಯಲ್ಲಿದ್ದಾರೆ. ಖುಬ್ಬೂಸ್ ಅಂಗಡಿಯ ವಾದ ಮತ್ತೆ ಬಂತು. ನಾನು ಹೇಳಿದೆ: ನಿಮ್ಮ ಮಿತಿ ನನಗೆ ನೋವು ಕೊಟ್ಟರೂ ಅದಕ್ಕೆ ವಾರ್ಡಿನಲ್ಲಿದ್ದ ಒಂದು ಮಗು ಕಾರಣವಾಗಿತ್ತು. ನಿಮ್ಮ ಕೋಣೆಗೆ ಬಂದು ಜಗಳ ಆಡಬಹುದಿತ್ತು, ನೀವು ಬದಲಿಸಿದಿರಿ. ಇಬ್ಬರು ಅಕ್ಕತಂಗಿಯರನ್ನು ಅವರ ತಾಯಿಗೆ ಎಲ್ಲಿ ಹೆರಿಗೆ ನೋವು ಬಂತು ಎಂದು ನೋಡಿ ಬೇರೆ ಮಾಡುವ ಮಿತಿಯೊಡನೆ ಯಾರ ಕೋಣೆಗೆ ಹೋಗಿ ಜಗಳ ಆಡಲಿ? ಅವರು ಮಣಿಸರ ತಿರುಗಿಸುತ್ತಾ, “ಮಿತಿ ಇಲ್ಲದಿದ್ದರೆ ಸಣ್ಣ ದೇಶದವರು ನಿನ್ನ ಹಾಗೆಯೇ ಬಂದು ಜಗಳ ಆಡುತ್ತಿದ್ದರು, ವಾರಿಜಾ” ಎಂದರು. ಅದೂ ನಿಜ. ನಾನು ಇನ್ನೂ ಒಪ್ಪಿಲ್ಲ.

ಹೊರಡುವ ಎರಡು ದಿನ ಮೊದಲು ಪ್ರಮೀಳಾ ಜಿಂಜ್‌ನ ನಮ್ಮ ಫ್ಲ್ಯಾಟಿಗೆ ಬಂದಳು, ಒಬ್ಬಳೇ. ಕೂರು ಎಂದರೆ ಕೂತಳು. ತಲೆಯ ಮುಂಭಾಗದಲ್ಲಿ ಬಿಳಿ ಕೂದಲು ಬಂದಿತ್ತು.

“ಅಲ್ಲಿ ಜೆನಿಟಾ ಈಗ ಇನ್‌ಚಾರ್ಜ್. ನಾನು ಹೋಗಿ ಅವಳ ಕೈಕೆಳಗೆ ಹೊಸಬಳಾಗಿ ಸೇರ್ಬೇಕು. ನರ ಹಿಡಿಯುವುದು ಹೇಗೆ ಅಂತ ಅವಳು ನನಗೆ ಟ್ರೇನಿಂಗ್ ಕೊಡ್ತಾಳಂತೆ, ರೂಲ್ ಅಂತೆ” ಎಂದಳು. ನಗುತ್ತಾಳೇನೋ ಎಂದು ನೋಡಿದೆ, ನಗಲಿಲ್ಲ.

“ಪ್ರಮೀಳಾ, ನನ್ನದು ತಪ್ಪಾಯ್ತು. ಏನು ಹೇಳಿದರೂ ಆ ವರ್ಷಗಳು ಬರುವುದಿಲ್ಲ” ಎಂದೆ.

“ಬರುವುದಿಲ್ಲ” ಎಂದಳು. “ನಮ್ಮಲ್ಲಿ ವಾರ್ಡಿನಲ್ಲಿ ತಪ್ಪಾದ್ರೆ ಅತ್ತುಕೊಂಡು ಸಾರಿ ಹೇಳಿದ್ರೆ ಸಾಕಾಗುವುದಿಲ್ಲ ವಾರಿಜಕ್ಕ. ಇನ್ಸಿಡೆಂಟ್ ರಿಪೋರ್ಟ್ ಬರೀಬೇಕು. ಯಾರಿಗೂ ಬೈಲಿಕ್ಕೆ ಅಲ್ಲ, ಇನ್ನೊಬ್ಬಳು ಅದೇ ತಪ್ಪು ಮಾಡ್ಬಾರ್ದು ಅಂತ. ಎಂತ ಆಯ್ತು, ಹೇಗೆ ಆಯ್ತು, ಎಂತ ಮಾಡಿದ್ರೆ ಆಗ್ತಿರ್ಲಿಲ್ಲ, ಮೂರೇ ಪ್ರಶ್ನೆ. ನೀವೂ ಬರೀರಿ. ಬರೀಲೇಬೇಕು.”

ಬಾಗಿಲ ತನಕ ಹೋದವಳು ತಿರುಗಿ ಬಂದು ನನ್ನ ಕೈ ಹಿಡಿದುಕೊಂಡಳು, ಮಕ್ಕಳ ನರ ಹುಡುಕುವಾಗ ಹಿಡಿಯುವ ಹಾಗೆ, ಬಿಗಿಯಾಗಿ. ಆಮೇಲೆ ಬಿಟ್ಟು ಹೊರಟಳು. ಅನಿಶಾ ಈಗ ಅಲ್ಲಿಯ ಕಾಲೇಜಿಗೆ ಹೋಗುತ್ತಿದ್ದಾಳೆ ಎಂದು ಶಮೀಮಾಳಿಂದ ತಿಳಿಯಿತು.

ಹಾಗಾಗಿ ಇದು ನನ್ನ ರಿಪೋರ್ಟು. ಏನಾಯಿತು, ಹೇಗಾಯಿತು ಎಂದು ಮೇಲೆ ಬರೆದಿದ್ದೇನೆ. ಮೂರನೆಯ ಪ್ರಶ್ನೆಗೆ ಉತ್ತರ ಚಿಕ್ಕದು. ಆ ದಿನ ಕ್ಯಾಂಟೀನಿನಲ್ಲಿ ಪೆನ್ನು ಕೆಳಗಿಟ್ಟು ಒಂದು ಫೋನು ಮಾಡಿ, “ಐವನ್, ನೀನು ಹುಟ್ಟಿದ್ದು ಎಲ್ಲಿ?” ಎಂದು ಕೇಳಬೇಕಿತ್ತು.